ಲ್ಯಾಟಿನ್‌ನಲ್ಲಿ ಹೊಗಳುವ ಪದಗಳು: ನಾನು ಕಲಿತ ಬಗೆ

ಲ್ಯಾಟಿನ್ ಪಠ್ಯಪುಸ್ತಕಗಳ ತುಂಬಾ ಯುದ್ಧವೇ ಜಾಸ್ತಿ. ಸೈನ್ಯ, ಪಾಳೆಯ, ಕತ್ತಿ, ನದಿ ದಾಟಿದರು, ಊರು ಸುಟ್ಟರು. ವ್ಯಾಕರಣ ಒಂದು ಹದಕ್ಕೆ ಬರುವ ಹೊತ್ತಿಗೆ ನನಗೆ ಅದು ಸಾಕಾಗಿತ್ತು. ಇನ್ನು ಒಂದೊಂದು ವಿಷಯ ಹಿಡಿದು ಪದ ಕಲಿಯೋಣ ಅಂದುಕೊಂಡೆ. ಮೊದಲು ಹೊಗಳಿಕೆಯನ್ನು ಆರಿಸಿಕೊಂಡೆ. ವೀರಗಲ್ಲು, ಮಾಸ್ತಿಕಲ್ಲು ಕಂಡಲ್ಲಿ ನಿಂತು ಓದಲು ನೋಡುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ತೀರಿಕೊಂಡವರ ಬಗ್ಗೆ ರೋಮ್‌ನವರು ಕಲ್ಲಿನ ಮೇಲೆ ಏನು ಬರೆಸಿದರು ಅನ್ನುವ ಕುತೂಹಲ ಅಲ್ಲಿಂದಲೇ ಹುಟ್ಟಿದ್ದು.

ನಿಘಂಟು ತೆಗೆದರೆ ಹೊಗಳಿಕೆಗೆ ಪದಗಳ ರಾಶಿಯೇ ಸಿಗುತ್ತದೆ. ಲೌಸ್, ಲೌದಾತಿಯೋ, ಏಲೊಗಿಯುಮ್, ಪ್ರೈಕೋನಿಯುಮ್, ಪನೇಗಿರಿಕುಸ್. ಎಲ್ಲದರ ಮುಂದೆಯೂ ಹೆಚ್ಚುಕಮ್ಮಿ ಅದೇ ಅರ್ಥ: ಹೊಗಳಿಕೆ, ಸ್ತುತಿ, ಪ್ರಶಂಸೆ. ಹೀಗೆ ಬಾಯಿಪಾಠ ಮಾಡಿ ಏನೂ ಉಪಯೋಗವಿಲ್ಲ. ರೋಮ್‌ನಲ್ಲಿ ಒಂದೊಂದು ಹೊಗಳಿಕೆಗೂ ಅದರದ್ದೇ ಜಾಗ ಇತ್ತು. ಊರ ಚೌಕ, ಸಮಾಧಿ, ಕೋರ್ಟು, ಸೆನೆಟ್, ಆಮೇಲಿನ ಕಾಲಕ್ಕೆ ಚರ್ಚು. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪದಗಳನ್ನು ಅಕ್ಷರಕ್ರಮದಲ್ಲಿ ಬರೆಯಲಿಲ್ಲ. ಯಾರು ಹೇಳಿದರು, ಎಲ್ಲಿ ನಿಂತು ಹೇಳಿದರು, ಯಾರು ಕೇಳುತ್ತಿದ್ದರು, ಇಷ್ಟು ಗೊತ್ತಾದ ಮೇಲೆಯೇ ಒಂದು ಪದಕ್ಕೆ ಪುಟ ಕೊಟ್ಟೆ.

ಬರೆದುಕೊಂಡಿದ್ದು ಕನ್ನಡ ಲಿಪಿಯಲ್ಲಿ. ಇದನ್ನು ಲ್ಯಾಟಿನ್ ಕಲಿಯುವ ಕನ್ನಡಿಗರಿಗೆಲ್ಲ ಹೇಳುತ್ತಲೇ ಇರುತ್ತೇನೆ. ಲ್ಯಾಟಿನ್‌ನ ಐದು ಸ್ವರಗಳಿಗೂ ಹ್ರಸ್ವ, ದೀರ್ಘ ಇವೆ. ರೋಮನ್ ಲಿಪಿಯಲ್ಲಿ ಅದು ಕಾಣುವುದೇ ಇಲ್ಲ, ಅಕ್ಷರದ ತಲೆ ಮೇಲೆ ಗೆರೆ ಎಳೆದು ತೋರಿಸಬೇಕು. ನಮಗೆ ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ. ಹಿಂದಿಯವರಿಗೂ ಈ ಅನುಕೂಲ ಇಲ್ಲ. ಪ್ರೈದಿಕೋ ಅಂದರೆ 'ನಾನು ಸಾರಿ ಹೇಳುತ್ತೇನೆ, ಹೊಗಳುತ್ತೇನೆ'. ಪ್ರೈದೀಕೋ ಅಂದರೆ 'ನಾನು ಮುಂದಾಗುವುದನ್ನು ಹೇಳುತ್ತೇನೆ'. ಅಚ್ಚಾದ ಲ್ಯಾಟಿನ್ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕನ್ನಡದಲ್ಲಿ ಬರೆದರೆ ಒಂದು ದೀರ್ಘದಲ್ಲಿ ಗೊಂದಲ ಮುಗಿಯಿತು. (ಇಲ್ಲಿ ನಾನು ಬರೆಯುತ್ತಿರುವುದು ಹಳೇ ರೋಮ್‌ನ ಉಚ್ಚಾರ. ಜನರ, ಊರುಗಳ ಹೆಸರು ಮಾತ್ರ ನಮ್ಮಲ್ಲಿ ರೂಢಿಯಲ್ಲಿರುವ ಹಾಗೆ.)

ಬೇರಿನ ಪದ ಲೌಸ್. ಸ್ತ್ರೀಲಿಂಗ, ಷಷ್ಠಿಯಲ್ಲಿ ಲೌದಿಸ್. ಅದರ ಕ್ರಿಯಾಪದ ಲೌದಾರೆ, ಹೊಗಳು. ಹಳೇ ಭಾಷೆಯಲ್ಲಿ ಲೌದಾರೆ ಅಂದರೆ 'ಹೆಸರು ಹಿಡಿದು ಹೇಳುವುದು' ಅಂತಿತ್ತು ಎಂದು 2ನೇ ಶತಮಾನದ ಔಲುಸ್ ಗೆಲ್ಲಿಯುಸ್ ಬರೆದಿದ್ದಾನೆ. ಈ ಮಾತನ್ನು ನನ್ನ ಮೊದಲ ಪುಟದ ಮೇಲ್ಗಡೆಯೇ ಬರೆದುಕೊಂಡೆ. ಯಾಕೆಂದರೆ ರೋಮ್‌ನ ಅತಿ ದೊಡ್ಡ ಹೊಗಳಿಕೆ ಅಂದರೆ ಅಂತ್ಯಕ್ರಿಯೆಯ ಭಾಷಣ, ಲೌದಾತಿಯೋ ಫೂನೆಬ್ರಿಸ್. ಅದು ನಿಜಕ್ಕೂ ಹೆಸರು ಹಿಡಿದು ಹೇಳುವ ಕೆಲಸವೇ.

ಇದು ಹೇಗೆ ನಡೆಯುತ್ತಿತ್ತು ಅಂತ ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಾನೆ. ದೊಡ್ಡ ಮನೆತನದವನು ತೀರಿಕೊಂಡರೆ ಹೆಣವನ್ನು ಫೋರಮ್‌ಗೆ, ಅಂದರೆ ಊರ ನಡುವಿನ ಚೌಕಕ್ಕೆ ತರುತ್ತಿದ್ದರು. ಮಲಗಿಸುವುದು ಅಪರೂಪ. ಸಾಮಾನ್ಯವಾಗಿ ಎಲ್ಲರಿಗೂ ಕಾಣುವಂತೆ ಎತ್ತಿ ನಿಲ್ಲಿಸುತ್ತಿದ್ದರು. ಮಗ ಬೆಳೆದವನಾಗಿದ್ದರೆ ಮಗ, ಇಲ್ಲದಿದ್ದರೆ ಮನೆತನದ ಇನ್ನೊಬ್ಬರು ರೋಸ್ತ್ರ ಎಂಬ ಕಟ್ಟೆ ಹತ್ತಿ ಮಾತಾಡಬೇಕು. ಎದುರಿಗೆ ಊರಿಗೆ ಊರೇ ಸೇರಿದೆ. ಆ ಮನೆತನದ ಹಿಂದಿನವರ ಮುಖವಾಡಗಳನ್ನು, ಇಮಾಗಿನೇಸ್ ಅನ್ನುತ್ತಾರೆ, ಅವರವರ ಮೈಕಟ್ಟನ್ನು ಹೋಲುವ ಜನ ಹಾಕಿಕೊಂಡು ಬಂದು ದಂತದ ಕುರ್ಚಿಗಳಲ್ಲಿ ಸಾಲಾಗಿ ಕೂತಿರುತ್ತಾರೆ. ಅಧಿಕಾರಕ್ಕೆ ತಕ್ಕ ಉಡುಪು ಬೇರೆ. ಮಾತಾಡುವವನು ಮೊದಲು ಈಗ ಸತ್ತವನ ಗುಣ, ಸಾಧನೆ ಹೇಳಿ ಮುಗಿಸುತ್ತಾನೆ. ಆಮೇಲೆ ಅಲ್ಲಿ ಕೂತ ಹಿರಿಯರನ್ನು, ಎಲ್ಲರಿಗಿಂತ ಹಳಬನಿಂದ ಶುರು ಮಾಡಿ, ಒಬ್ಬೊಬ್ಬರನ್ನಾಗಿ ಹೆಸರಿಸುತ್ತಾನೆ.

ಇದನ್ನು ಓದಿದ ಮೇಲೆ ಲೌದಾತಿಯೋ ಅನ್ನುವ ಪದ ನನಗೆ ಮತ್ತೆಂದೂ ಮರೆಯಲಿಲ್ಲ.

ಅಂಥ ಒಂದು ಭಾಷಣದ ತಿರುಳು ನಮಗೆ ಉಳಿದಿದೆ. ಕ್ರಿ.ಪೂ. 221ರಲ್ಲಿ ಕ್ವಿಂಟುಸ್ ಮೆಟೆಲ್ಲುಸ್ ತನ್ನ ತಂದೆ ಲೂಸಿಯುಸ್ ಬಗ್ಗೆ ಆಡಿದ ಮಾತನ್ನು 1ನೇ ಶತಮಾನದ ಲೇಖಕ ಹಿರಿಯ ಪ್ಲಿನಿ ದಾಖಲಿಸಿದ್ದಾನೆ. ಜಾಣರು ಜೀವಮಾನವೆಲ್ಲ ಹುಡುಕುವ 10 ದೊಡ್ಡ ಸಂಗತಿಗಳನ್ನೂ ನನ್ನ ತಂದೆ ಸಾಧಿಸಿದ ಅಂತ ಮಗ ಹೇಳುತ್ತಾನೆ. ಮೊದಲ ಸಾಲಿನ ಯೋಧ, ಉತ್ತಮ ವಾಗ್ಮಿ, ಧೀರ ಸೇನಾಪತಿ, ಸೆನೆಟ್‌ನಲ್ಲಿ ಎಲ್ಲರಿಗಿಂತ ಮೇಲು. ಅದೇ ಪಟ್ಟಿಯಲ್ಲಿ ಎರಡು ಮಾತು ನನ್ನನ್ನು ಹಿಡಿದು ನಿಲ್ಲಿಸಿದವು: 'ಒಳ್ಳೆಯ ದಾರಿಯಲ್ಲಿ ದೊಡ್ಡ ದುಡ್ಡು ಸಂಪಾದಿಸಿದ', 'ಬಹಳ ಮಕ್ಕಳನ್ನು ಬಿಟ್ಟುಹೋದ'. ದುಡ್ಡು ಮಾಡಿದ್ದನ್ನು ಇಷ್ಟು ನೇರವಾಗಿ ಹೊಗಳಿದ್ದು ನನಗೆ ತುಂಬಾ ಹಿಡಿಸಿತು. ರೋಮ್‌ನ ಗೃಹಸ್ಥನೊಬ್ಬನಿಗೆ ಏನೇನು ಬೇಕಿತ್ತು ಅಂತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾನೆ. ಆ ಸಾಲುಗಳಲ್ಲಿ ವಿಶೇಷಣಗಳ ಉತ್ಕೃಷ್ಟ ರೂಪವೂ, ಅಂದರೆ 'ಅತಿ ಒಳ್ಳೆಯ', 'ಅತಿ ದೊಡ್ಡ' ಥರದ್ದು, ಬೇಕಾದಷ್ಟು ಸಿಗುತ್ತದೆ. ಒಪ್ತಿಮುಸ್, ಮಾಕ್ಸಿಮುಸ್, ಸುಮ್ಮುಸ್, ಫೊರ್ತಿಸ್ಸಿಮುಸ್, ಕ್ಲಾರಿಸ್ಸಿಮುಸ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಈ ಭಾಷಣಗಳನ್ನು ರೋಮ್‌ನವರೇ ಪೂರ್ತಿ ನಂಬುತ್ತಿರಲಿಲ್ಲ. ಕ್ರಿ.ಪೂ. 46ರಲ್ಲಿ ಬರೆದ ಪುಸ್ತಕದಲ್ಲಿ ರೋಮ್‌ನ ಹೆಸರಾಂತ ವಾಗ್ಮಿ ಸಿಸೆರೊ, ಇವುಗಳಿಂದಾಗಿ ನಮ್ಮ ಇತಿಹಾಸವೇ ತಪ್ಪುಗಳಿಂದ ತುಂಬಿಹೋಯಿತು ಅನ್ನುತ್ತಾನೆ. ನಡೆಯದ ವಿಜಯೋತ್ಸವ, ಇಲ್ಲದ ಕಾನ್ಸಲ್ ಪದವಿ (ಆ ಕಾಲದ ರೋಮ್‌ನಲ್ಲಿ ವರ್ಷಕ್ಕೊಮ್ಮೆ ಆರಿಸುವ ಅತಿ ದೊಡ್ಡ ಅಧಿಕಾರ), ಎಲ್ಲವೂ ಅವುಗಳಲ್ಲಿ ಸೇರಿಕೊಂಡಿವೆ ಅಂತ ಅವನ ದೂರು. ಕ್ರಿ.ಪೂ. 69ರಲ್ಲಿ ಸೀಸರ್ ತನ್ನ ಸೋದರತ್ತೆ ಜೂಲಿಯಾಳ ಅಂತ್ಯಕ್ರಿಯೆಯಲ್ಲಿ ಏನು ಹೇಳಿದ ನೋಡಿ: ತಾಯಿಯ ಕಡೆಯಿಂದ ಅವಳು ರಾಜರ ಕುಲ, ತಂದೆಯ ಕಡೆಯಿಂದ ದೇವತೆಗಳ ಕುಲ. ಹೊಗಳಿದ್ದು ಅತ್ತೆಯನ್ನು, ಆದರೆ ಆ ತಂದೆಯ ಕುಲ ಸೀಸರ್‌ನದೂ ಹೌದಲ್ವಾ! ಅಂದಹಾಗೆ, 'ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡು' ಎಂಬ ಪ್ರಸಿದ್ಧ ಲ್ಯಾಟಿನ್ ಮಾತು ರೋಮ್‌ನವರದಲ್ಲ. ಅದು ಗ್ರೀಕ್‌ನದು. ಲ್ಯಾಟಿನ್ ರೂಪ ಬಂದದ್ದು 15ನೇ ಶತಮಾನದಲ್ಲಿ, ಇಟಲಿಯ ಅಂಬ್ರೋಜಿಯೊ ತ್ರವೆರ್ಸಾರಿಯ ಅನುವಾದದಿಂದ.

ಚೌಕದಿಂದ ಸಮಾಧಿಗೆ ಬಂದೆ. ಅತಿ ಹೆಚ್ಚು ಹೊತ್ತು ನಾನು ನಿಂತದ್ದು ಇಲ್ಲೇ.

ಸ್ಕಿಪಿಯೊ ಮನೆತನದ ಸಮಾಧಿ ರೋಮ್‌ನ ಅಪ್ಪಿಯಾ ರಸ್ತೆಯಲ್ಲಿ 1780ರಲ್ಲಿ ಸಿಕ್ಕಿತು. ಕ್ರಿ.ಪೂ. 298ರಲ್ಲಿ ಕಾನ್ಸಲ್ ಆಗಿದ್ದ ಸ್ಕಿಪಿಯೊ ಬಾರ್ಬಾಟುಸ್‌ನ ಕಲ್ಲಿನ ಶವಪೆಟ್ಟಿಗೆ ಈಗ ವ್ಯಾಟಿಕನ್ ಮ್ಯೂಸಿಯಮ್‌ನಲ್ಲಿದೆ. ಅದರ ಮೇಲಿನ ಪದ್ಯ ಅವನನ್ನು ಧೀರ, ವಿವೇಕಿ ಅನ್ನುತ್ತದೆ. ರೂಪವೂ ಅವನ ಗುಣಕ್ಕೆ ಸಮನಾಗಿತ್ತು ಅನ್ನುತ್ತದೆ. ಆಮೇಲೆ 'ನಿಮ್ಮ ನಡುವೆ ಕಾನ್ಸಲ್, ಸೆನ್ಸರ್, ಈಡೈಲ್ ಆಗಿದ್ದವನು' ಅಂತ ಅವನ ಹುದ್ದೆಗಳನ್ನು ಹೇಳುತ್ತಾ ಓದುಗರ ಕಡೆ ತಿರುಗುತ್ತದೆ. ಕೊನೆಗೆ ಗೆದ್ದ ಊರುಗಳ ಹೆಸರು. ಹಳೇ ಲ್ಯಾಟಿನ್ ಆದ್ದರಿಂದ ಕಾಗುಣಿತ ಬೇರೆ, ವಿಭಕ್ತಿ ಪ್ರತ್ಯಯವೂ ಬೇರೆ. ಮೊದಮೊದಲು ಕೈಹಿಡಿಯುವುದಿಲ್ಲ. ಹಳಗನ್ನಡ ಓದಿ ಅಭ್ಯಾಸ ಇದ್ದವರಿಗೆ ಆ ಕಷ್ಟ ಹೊಸದೇನಲ್ಲ.

ಆದರೆ ನನ್ನ ಮನಸ್ಸು ನೆಟ್ಟಿದ್ದು ಕ್ಲಾಡಿಯಾ ಎಂಬ ಹೆಣ್ಣುಮಗಳ ಸಮಾಧಿ ಪದ್ಯದಲ್ಲಿ. ಕ್ರಿ.ಪೂ. 2ನೇ ಶತಮಾನದ್ದು. ಕಲ್ಲು ಕಳೆದುಹೋಗಿದೆ, ಅದರ ಮೇಲಿದ್ದ ಬರಹ ಉಳಿದಿದೆ. ದಾರಿಯಲ್ಲಿ ಹೋಗುವವನನ್ನು ಕಲ್ಲೇ ಮಾತಾಡಿಸುತ್ತದೆ. ನಾನು ಮಾಡಿಕೊಂಡ ಕನ್ನಡ ಹೀಗಿದೆ:

'ದಾರಿಹೋಕನೇ, ನಾನು ಹೇಳುವುದು ಸ್ವಲ್ಪವೇ. ನಿಂತು ಓದಿಕೋ. ಚೆಲುವೆಯೊಬ್ಬಳ ಚೆಲುವಿಲ್ಲದ ಸಮಾಧಿ ಇದು. ಹೆತ್ತವರು ಇಟ್ಟ ಹೆಸರು ಕ್ಲಾಡಿಯಾ. ಗಂಡನನ್ನು ಮನಸಾರೆ ಪ್ರೀತಿಸಿದಳು. ಇಬ್ಬರು ಗಂಡುಮಕ್ಕಳನ್ನು ಹೆತ್ತಳು. ಒಬ್ಬನನ್ನು ನೆಲದ ಮೇಲೆ ಬಿಟ್ಟು ಹೋದಳು, ಇನ್ನೊಬ್ಬನನ್ನು ನೆಲದಡಿ ಇಟ್ಟಳು. ಮಾತು ಸೊಗಸು, ನಡಿಗೆ ಹಿತ. ಮನೆ ನೋಡಿಕೊಂಡಳು. ಉಣ್ಣೆ ನೂತಳು. ಹೇಳಿ ಮುಗಿಸಿದೆ. ಹೊರಡು.'

ಕೊನೆಯ ನಾಲ್ಕು ತುಂಡುಗಳು ಲ್ಯಾಟಿನ್‌ನಲ್ಲಿ ಹೀಗೆ ಕೇಳುತ್ತವೆ: ದೊಮುಮ್ ಸೆರ್ವಾವಿತ್. ಲಾನಮ್ ಫೇಕಿತ್. ದೀಕ್ಸೀ. ಅಬೀ. ಕರ್ಮ ಮೊದಲು, ಕ್ರಿಯಾಪದ ಕೊನೆಗೆ, ಥೇಟ್ ಕನ್ನಡದ ಕ್ರಮ. ಜೋರಾಗಿ ಓದಿ ನೋಡಿ. ಇಡೀ ಪದ್ಯದಲ್ಲಿ ಒಂದೂ 'ಅತ್ಯುತ್ತಮ' ಇಲ್ಲ, 'ಮಹಾನ್' ಇಲ್ಲ. ಅವಳು ಮಾಡಿದ್ದನ್ನು ಮಾಡಿದಳು ಅಂದಿದ್ದಾರೆ, ಅಷ್ಟೇ. ಹೊಗಳಿಕೆಯ ಶಬ್ದಸಂಪತ್ತು ಅಂದರೆ ವಿಶೇಷಣಗಳ ಪಟ್ಟಿ ಅಂದುಕೊಳ್ಳುವವರು ಈ ಪದ್ಯವನ್ನು ಮೊದಲು ಓದಬೇಕು. ಇದಾದ ಮೇಲೆ ನಾನು ಕ್ರಿಯಾಪದಗಳಿಗೆ ಬೇರೆ ಪುಟವನ್ನೇ ತೆಗೆದೆ: ಕಾಪಾಡಿದ, ಸಾಕಿದ, ಕಟ್ಟಿದ, ಕೊಟ್ಟ, ತಾಳಿಕೊಂಡ.

ವಿಶೇಷಣಗಳೂ ಬೇಕು, ಇಲ್ಲವೆನ್ನುವುದಿಲ್ಲ. ಅಮಿಮೋನೆ ಎಂಬವಳ ಕಲ್ಲಿನಲ್ಲಿ ಒಂದರ ಹಿಂದೊಂದು ಬರುತ್ತವೆ: ಲಾನಿಫಿಕ, ಪಿಯ, ಪುದೀಕ, ಫ್ರೂಗೀ, ಕಸ್ತ, ದೊಮಿಸೆದ. ಉಣ್ಣೆ ನೂಲುವವಳು, ಭಕ್ತಿಯುಳ್ಳವಳು, ಮಾನವಂತೆ, ಹಿಡಿತದ ಕೈಯವಳು, ಶುದ್ಧ ನಡತೆಯವಳು, ಮನೆ ಬಿಟ್ಟು ಹೋಗದವಳು. ಹೆಂಗಸಿನಿಂದ ಆ ಸಮಾಜ ಏನು ಬಯಸುತ್ತಿತ್ತು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಓದುವಾಗ ಸ್ವಲ್ಪ ಕಸಿವಿಸಿಯೂ ಆಗುತ್ತದೆ. ಅದಕ್ಕೇ ಇದರ ಜೊತೆಗೆ 'ಟುರಿಯಾಳ ಲೌದಾತಿಯೋ' ಅಂತ ಕರೆಯುವ ಉದ್ದನೆಯ ಶಾಸನವನ್ನೂ ಓದಬೇಕು. ಕ್ರಿ.ಪೂ. 1ನೇ ಶತಮಾನದ ಕೊನೆಯದು, ತುಂಡು ತುಂಡಾಗಿ ಸಿಕ್ಕಿದೆ, ಗಂಡ ಹೆಂಡತಿ ಇಬ್ಬರ ಹೆಸರೂ ಅದರಲ್ಲಿ ಉಳಿದಿಲ್ಲ (ಟುರಿಯಾ ಅನ್ನುವುದು ವಿದ್ವಾಂಸರ ಊಹೆ). ನಿನ್ನ ಮಾನ, ವಿಧೇಯತೆ, ನೂಲುವ ಶ್ರದ್ಧೆ ಇವನ್ನೆಲ್ಲ ಯಾಕೆ ಹೇಳಲಿ, ಅವು ಎಲ್ಲ ಒಳ್ಳೆಯ ಹೆಂಗಸರಿಗೂ ಇರುವಂಥವು ಅಂತ ಗಂಡ ಮಾಮೂಲಿ ಪಟ್ಟಿಯನ್ನು ಪಕ್ಕಕ್ಕಿಡುತ್ತಾನೆ. ಅಂತರ್ಯುದ್ಧದ ಕಾಲದಲ್ಲಿ ಅವಳು ಅವನ ಜೀವ ಉಳಿಸಿದ್ದಳು. ಅವನಿಗೋಸ್ಕರ ಆಗ ಅಧಿಕಾರದಲ್ಲಿದ್ದ ಲೆಪಿಡುಸ್‌ನ ಕಾಲಿಗೆ ಬಿದ್ದು, ಮೈಯೆಲ್ಲ ಬಾಸುಂಡೆ ಬರುವಂತೆ ಪೆಟ್ಟು ತಿಂದಿದ್ದಳು. ಮಕ್ಕಳಾಗಲಿಲ್ಲವೆಂದು, ನನ್ನನ್ನು ಬಿಟ್ಟು ಇನ್ನೊಂದು ಮದುವೆಯಾಗು ಅಂತ ತಾನೇ ಹೇಳಿದ್ದಳು. ಆ ಮಾತಿಗೆ ನನಗೆ ಹುಚ್ಚು ಹಿಡಿದಂತಾಯಿತು ಅನ್ನುತ್ತಾನೆ ಗಂಡ. ಸಾವಿನಿಂದ ಮುಗಿದ, ವಿಚ್ಛೇದನದಿಂದ ಮುರಿಯದ ಇಷ್ಟು ದೀರ್ಘ ದಾಂಪತ್ಯ ಅಪರೂಪ ಎಂಬ ಸಾಲು ಇರುವುದೂ ಇದರಲ್ಲೇ. ನನ್ನ ಲೆಕ್ಕದಲ್ಲಿ ಲ್ಯಾಟಿನ್‌ನ ಅತಿ ಒಳ್ಳೆಯ ಹೊಗಳಿಕೆ ಇದು.

ಸಣ್ಣ ಕಲ್ಲುಗಳನ್ನು ಓದಲು ಎರಡು ವ್ಯಾಕರಣದ ಮಾತು ಗೊತ್ತಿದ್ದರೆ ಸಾಕು. ಒಂದು, ಬೆನೆ ಮೆರೆಂತೀ. ಕಲ್ಲಿನ ಮೇಲೆ ಬರೀ ಬಿ, ಎಮ್ ಎಂಬ ಎರಡು ಅಕ್ಷರ ಇರುತ್ತವೆ. ಅದು ಚತುರ್ಥಿ: 'ಇದಕ್ಕೆ ತಕ್ಕವಳಾಗಿದ್ದ ಹೆಂಡತಿಗೆ ಗಂಡ ಮಾಡಿಸಿದ್ದು'. ನಮ್ಮ 'ಗೆ' ಹಾಕಿದರೆ ಆಯಿತು. ಎರಡು, ಇಸ್ಸಿಮುಸ್ ಪ್ರತ್ಯಯ. ಕಾರಿಸ್ಸಿಮುಸ್ ಅಂದ ಕೂಡಲೇ 'ಎಲ್ಲರಿಗಿಂತ ಪ್ರೀತಿಯ' ಅಂತ ಎಳೆಯಬೇಡಿ. ಹೋಲಿಕೆ ಇಲ್ಲದ ಕಡೆ ಅದು 'ತುಂಬಾ ಪ್ರೀತಿಯ' ಅಷ್ಟೇ. ಇನ್ನೂ ಒಂದು ವಿಷಯ ಗಮನಿಸಿದೆ. ಆ ಕಾಲದ ಲ್ಯಾಟಿನ್‌ನಲ್ಲಿ ಗೌರವದ ಬಹುವಚನ ಇಲ್ಲ. ನಾವು 'ಬಂದರು, ಹೇಳಿದರು' ಅಂದರೆ ಅರ್ಧ ಗೌರವ ಅಲ್ಲೇ ಸಂದುಹೋಗುತ್ತದೆ. ರೋಮ್‌ನವನು ತಂದೆಗೂ ಆಳಿಗೂ ಒಂದೇ ಕ್ರಿಯಾಪದ ಹಾಕಬೇಕು. ಹಾಗಾಗಿ ಆ ಗೌರವವನ್ನೆಲ್ಲ ಪದಗಳ ಆಯ್ಕೆಯಲ್ಲೇ ತುಂಬಬೇಕು.

ಏಲೊಗಿಯುಮ್ ಬಗ್ಗೆ ಒಂದು ಎಚ್ಚರಿಕೆ. ಫ್ರೆಂಚ್‌ನಲ್ಲಿ ಎಲೋಜ್ ಅಂದರೆ ಹೊಗಳಿಕೆ, ಹಾಗಾಗಿ ಫ್ರೆಂಚ್ ಗೊತ್ತಿದ್ದವರಿಗೆ ಇದೂ ಹೊಗಳಿಕೆ ಅಂತಲೇ ಅನಿಸುತ್ತದೆ. ಲ್ಯಾಟಿನ್‌ನಲ್ಲಿ ಅದು ಚಿಕ್ಕ ಬರಹ. ಸಮಾಧಿಯ ಮೇಲಿರಬಹುದು, ಪ್ರತಿಮೆಯ ಕೆಳಗಿರಬಹುದು. ಕಾನೂನಿನ ಭಾಷೆಯಲ್ಲಿ, ಮಗನಿಗೆ ಆಸ್ತಿ ಇಲ್ಲ ಅಂತ ವಿಲ್‌ನಲ್ಲಿ ಬರೆಯುವ ಷರಾ ಕೂಡ ಏಲೊಗಿಯುಮ್. ಆರೋಪಿಯ ಮೇಲಿನ ಟಿಪ್ಪಣಿಯೂ ಏಲೊಗಿಯುಮ್.

ಕೋರ್ಟಿನಲ್ಲಿ ಲೌದಾತೊರ್ ಅಂದರೆ ಆರೋಪಿ ಒಳ್ಳೆಯವನು ಅಂತ ಸಾಕ್ಷಿ ಹೇಳುವವನು. ಸಿಸಿಲಿಯನ್ನು ಆಳುತ್ತಾ ಸುಲಿಗೆ ಮಾಡಿದ ಅಧಿಕಾರಿ ವೆರ್ರೆಸ್ ವಿರುದ್ಧ ಬರೆದ ಭಾಷಣದಲ್ಲಿ ಸಿಸೆರೊ, 10 ಜನ ಲೌದಾತೋರೇಸ್ ಕೊಡಲಾಗದವನು ಒಬ್ಬನನ್ನೂ ಕೊಡದಿರುವುದೇ ಮಾನ ಅನ್ನುತ್ತಾನೆ. ಸಿಸಿಲಿಯ ಮೆಸ್ಸಾನಾ ಊರು ವೆರ್ರೆಸ್‌ನನ್ನು ಹೊಗಳಲು ಒಂದು ತಂಡ ಕಳಿಸಿತ್ತು. ಆ ತಂಡದ ಮುಖ್ಯಸ್ಥ ಹೇಯುಸ್‌ನ ಮನೆಯ ಪೂಜಾಗೃಹದ ಮೂರ್ತಿಗಳನ್ನೇ ವೆರ್ರೆಸ್ ಹೊಡೆದುಕೊಂಡು ಹೋಗಿದ್ದ. ಹೇಯುಸ್ ಅದನ್ನೂ ಅಲ್ಲೇ ಹೇಳಿದ.

ಪ್ರೈಕೋ ಅಂದರೆ ಡಂಗುರ ಸಾರುವವನು, ಹರಾಜು ಕೂಗುವವನು. ಅವನ ಕೂಗು ಪ್ರೈಕೋನಿಯುಮ್, ಅದೇ ಮುಂದೆ ಹೊಗಳಿಕೆ ಆಯಿತು. ಗ್ರೀಕ್ ಪುರಾಣದ ವೀರ ಅಕಿಲೀಸ್‌ನ ಸಮಾಧಿಯ ಮುಂದೆ ನಿಂತು ಅಲೆಕ್ಸಾಂಡರ್, ನಿನ್ನ ಶೌರ್ಯ ಸಾರಲು ಹೋಮರ್‌ನಂಥ ಪ್ರೈಕೋ ಸಿಕ್ಕಿದನಲ್ಲ, ನೀನೇ ಪುಣ್ಯವಂತ ಅಂದ ಎಂದು ಸಿಸೆರೊ ಹೇಳುತ್ತಾನೆ. ಪದದ ಕಸುಬು ಗೊತ್ತಿದ್ದರೆ ಆ ಸಾಲಿನ ಧ್ವನಿ ಕೇಳಿಸುತ್ತದೆ.

ಇನ್ನು ಎತ್ತುವ ಪದಗಳು, ಎಫ್ಫೆರ್ರೆ ಮತ್ತು ತೊಲ್ಲೆರೆ. ಎರಡಕ್ಕೂ 'ಮೇಲಕ್ಕೆತ್ತಿ ಹೊಗಳು' ಅಂತ ಅರ್ಥವಿದೆ. ಎಫ್ಫೆರ್ರೆಗೆ 'ಹೆಣ ಹೊರಗೆ ಸಾಗಿಸು' ಅಂತಲೂ, ತೊಲ್ಲೆರೆಗೆ 'ಮುಗಿಸಿಬಿಡು' ಅಂತಲೂ ಇದೆ. ಕ್ರಿ.ಪೂ. 43ರಲ್ಲಿ ಸಿಸೆರೊ ಯುವಕ ಆಕ್ಟೇವಿಯನ್ (ಮುಂದೆ ಚಕ್ರವರ್ತಿ ಅಗಸ್ಟಸ್ ಆದವನು) ಬಗ್ಗೆ ಒಂದು ಮಾತು ಆಡಿದನಂತೆ: ಲೌದಂದುಮ್, ಓರ್ನಂದುಮ್, ತೊಲ್ಲೆಂದುಮ್. ಇದನ್ನು ಕನ್ನಡಕ್ಕೆ ತರುವುದು ಸಲೀಸು. ಹುಡುಗನನ್ನು ಹೊಗಳಬೇಕು, ಸನ್ಮಾನಿಸಬೇಕು, ಎತ್ತಿಬಿಡಬೇಕು. ನಮ್ಮ 'ಎತ್ತಿಬಿಡು'ವಿಗೂ ಅವೆರಡೇ ಅರ್ಥ. ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ಅಂತೀವಲ್ಲ, ಅದೇ. ಆ ಮಾತು ಆಕ್ಟೇವಿಯನ್ ಕಿವಿಗೆ ಬಿತ್ತು ಅಂತ ಸೇನಾಪತಿ ಡೆಸಿಮುಸ್ ಬ್ರೂಟುಸ್ ಸಿಸೆರೊಗೆ ಪತ್ರ ಬರೆದು ಎಚ್ಚರಿಸಿದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಿಸೆರೊನ ಕೊಲೆಯಾಯಿತು.

ಪನೇಗಿರಿಕುಸ್ ಗ್ರೀಕ್‌ನಿಂದ ಬಂದದ್ದು, ಜಾತ್ರೆಯಂಥ ದೊಡ್ಡ ಸಭೆಯ ಭಾಷಣ. ಕ್ರಿ.ಶ. 100ರಲ್ಲಿ ಕಿರಿಯ ಪ್ಲಿನಿ ಸೆನೆಟ್‌ನಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಕೃತಜ್ಞತೆ ಹೇಳಿದ. ಆಮೇಲೆ ಅದನ್ನೇ ಹಿಗ್ಗಿಸಿ ಬರೆದು ಗೆಳೆಯರಿಗೆ ಮೂರು ದಿನ ಓದಿ ಹೇಳಿದ. ಭಾಷೆ ಸೊಗಸು, ಆದರೆ ನನಗೆ ರುಚಿಸಲಿಲ್ಲ. ಅಧಿಕಾರದಲ್ಲಿರುವವನ ಎದುರಿಗೇ ನಿಂತು ಹೊಗಳುವಾಗ ಪದಗಳ ತೂಕ ಇಳಿಯುತ್ತದೆ. ಇದನ್ನು ಓದುವಾಗ ಪಕ್ಕದ ಪುಟದಲ್ಲಿ ಅದೂಲಾತಿಯೋ, ಅಸ್ಸೆಂತಾತಿಯೋ ಎರಡನ್ನೂ ಬರೆದಿಟ್ಟುಕೊಂಡೆ. ಮೊದಲನೆಯದು ನಾಯಿ ಬಾಲ ಅಲ್ಲಾಡಿಸುತ್ತಾ ಕಾಲು ಸುತ್ತುವುದಕ್ಕೆ ಬಳಸುವ ಪದ. ಎರಡನೆಯದು ಹೇಳಿದ್ದಕ್ಕೆಲ್ಲ ಹೌದೆನ್ನುವುದು. ಸ್ನೇಹಕ್ಕೆ ಇವುಗಳಿಗಿಂತ ದೊಡ್ಡ ಪಿಡುಗು ಇಲ್ಲ ಅಂತ ಸಿಸೆರೊ ಬರೆದಿದ್ದಾನೆ.

ಓದುವುದರ ಜೊತೆಗೆ ಬರೆದೂ ನೋಡಿದೆ. ಕ್ಲಾಡಿಯಾಳ ಕಲ್ಲನ್ನು ಮುಂದಿಟ್ಟುಕೊಂಡು ನಮ್ಮಜ್ಜಿಗೆ ಮೂರು ಸಾಲು ಕಟ್ಟಿದೆ: ವಕ್ಕಾಸ್ ಕೂರಾವಿತ್. ನೆಪೋತೇಸ್ ಅಲುಇತ್. ನೇಮಿನೆಮ್ ಏಸುರಿಯೆಂತೆಮ್ ದೀಮೀಸಿತ್. ಹಸು ನೋಡಿಕೊಂಡಳು. ಮೊಮ್ಮಕ್ಕಳನ್ನು ಸಾಕಿದಳು. ಹಸಿದು ಬಂದ ಯಾರನ್ನೂ ಹಾಗೇ ಕಳಿಸಲಿಲ್ಲ. ಇಂಥ ಮೂರು ಸಾಲು ಬರೆಯಲು ಕೂತರೆ, ಹತ್ತು ಪುಟ ಓದಿದ್ದಕ್ಕಿಂತ ಜಾಸ್ತಿ ಪದ ತಲೆಯಲ್ಲಿ ನಿಲ್ಲುತ್ತವೆ. ನಿಮ್ಮ ಮನೆಯವರ ಬಗ್ಗೆಯೇ ಬರೆಯಿರಿ. ಯಾವ ಕ್ರಿಯಾಪದ ಬೇಕು ಅಂತ ಹುಡುಕುವಾಗ ಆ ಮನುಷ್ಯರೂ ಸರಿಯಾಗಿ ನೆನಪಾಗುತ್ತಾರೆ.

ಚರ್ಚಿನ ಲ್ಯಾಟಿನ್‌ಗೆ ಕೊನೆಗೆ ಬಂದೆ. 1960ರ ದಶಕದವರೆಗೂ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿದ್ದರಿಂದ ಮಂಗಳೂರು ಕಡೆಯ ಹಿರಿಯ ಕ್ಯಾಥೊಲಿಕರಿಗೆ ಲೌದಾಮುಸ್ ತೇ, ಬೆನೆದೀಚಿಮುಸ್ ತೇ ಕಿವಿಗೆ ಹೊಸದಲ್ಲ. ಅಲ್ಲಿ ಉಚ್ಚಾರ ಬೇರೆ, 'ಕಿ' ಇದ್ದದ್ದು 'ಚಿ' ಆಗಿದೆ. ಈಸ್ಟರ್ ಹಿಂದಿನ ರಾತ್ರಿ ಹಾಡುವ ಘೋಷಣೆಗೆ ಹಳೇ ಡಂಗುರದ ಪದವೇ ಉಳಿದಿದೆ, ಪ್ರೈಕೋನಿಯುಮ್. ಇಂಗ್ಲಿಷಿನ ಯೂಲಜಿಗೆ ಮೂಲವಾದ ಎವುಲೊಗಿಯ ಇಲ್ಲಿ ಆಶೀರ್ವಾದ, ಹರಸಿ ಕೊಟ್ಟ ರೊಟ್ಟಿ.

ಈಗ ನಾನು ಓದುತ್ತಿರುವುದು ಮಿಲಾನ್‌ನ ಬಿಷಪ್ ಆಂಬ್ರೋಸ್ 395ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ತೀರಿಕೊಂಡಾಗ ಮಾಡಿದ ಭಾಷಣ. 390ರಲ್ಲಿ ಥೆಸಲೋನಿಕಾದ ಜನರನ್ನು ಕೊಲ್ಲಿಸಿದ್ದಕ್ಕೆ ಇದೇ ಆಂಬ್ರೋಸ್ ಇದೇ ಚಕ್ರವರ್ತಿಯನ್ನು ಪ್ರಾಯಶ್ಚಿತ್ತಕ್ಕೆ ಒಳಪಡಿಸಿದ್ದ. ಭಾಷಣದ ಒಂದು ಭಾಗದಲ್ಲಿ ಅವನು ಲೌದಾರೆ ಬಿಟ್ಟು ಬೇರೊಂದು ಕ್ರಿಯಾಪದ ಹಿಡಿಯುತ್ತಾನೆ, ಸಾಲು ಸಾಲಿಗೂ ಅದರಿಂದಲೇ ಶುರು ಮಾಡುತ್ತಾನೆ: ದೀಲೇಕ್ಸೀ, ನಾನು ಪ್ರೀತಿಸಿದೆ. ದಯೆಯುಳ್ಳ ಮನುಷ್ಯನನ್ನು ಪ್ರೀತಿಸಿದೆ. ಮುಖಸ್ತುತಿ ಮಾಡುವವನಿಗಿಂತ ತಪ್ಪು ಎತ್ತಿ ಆಡುವವನನ್ನು ಮೆಚ್ಚಿದ ಮನುಷ್ಯನನ್ನು ಪ್ರೀತಿಸಿದೆ. 'ಮುಖಸ್ತುತಿ ಮಾಡುವವನು' ಎಂಬಲ್ಲಿ ಅವನು ಬಳಸಿದ್ದು ಅದೂಲಾತಿಯೋದ ಕುಟುಂಬದ್ದೇ ಪದ. ಯಾವ ನಿಘಂಟೂ ಹೊಗಳಿಕೆಯ ಕೆಳಗೆ ದೀಲೇಕ್ಸೀಯನ್ನು ಕೊಡುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದು ಪುಟ ಕೊಟ್ಟಿದ್ದೇನೆ.